ಸ್ಪ್ರಿಂಗು ಮೂಕವಾದಾಗ

ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಆಳವಾದ ಬಾವಿಯೊಳಕ್ಕೆ ಬಾಗಿ ಕೂಗಿದರೆ ನಮ್ಮ ದನಿಯು ಗೋಡೆಗಳಿಗೆ ತಾಗಿ ತಾಗಿ ಕ್ರಮೇಣ ಅಡಗುವುದು. ಇದೇ ಅನುರಣನ. ವಾಲ್ವುಗಳುಳ್ಳ ಗಿಟಾರ್ ಧ್ವನಿವರ್ಧಕದಲ್ಲಿ ಬಾವಿಯ ಕೆಲಸವನ್ನು ತಗಡಿನ ಡಬ್ಬಿಯೊಳಗಿನ ಸ್ಪ್ರಿಂಗುಗಳು ಮಾಡುತ್ತವೆ. ಅಮೆರಿಕದ ಹ್ಯಾಮಂಡ್ ಕಂಪನಿಯು ತನ್ನ ಆರ್ಗನ್ನುಗಳಲ್ಲಿ ಬಳಸಿದ ಈ ಉಪಾಯವು 1963ರಲ್ಲಿ ಫೆಂಡರ್ ಕಂಪನಿಯ ಧ್ವನಿವರ್ಧಕದೊಳಕ್ಕೂ ಬಂದಿತು. ಡಬ್ಬಿಯ ಒಂದು ತುದಿಯ ತಂತಿಸುರುಳಿಯು ವಿದ್ಯುತ್ತನ್ನು ಕಂಪನವಾಗಿಸುತ್ತದೆ. ಸ್ಪ್ರಿಂಗಿನಲ್ಲಿ ಹಿಂದುಮುಂದಾಗಿ ಓಡಾಡುವ ಆ ಕಂಪನವನ್ನು ಮತ್ತೊಂದು ತುದಿಯ ಸುರುಳಿಯು ಪುನಃ ವಿದ್ಯುತ್ತಾಗಿಸುತ್ತದೆ.

ಗಿಟಾರಿನ ನಾದವು ಕೇಳಿಬಂದು ಅನುರಣನವು ಮಾತ್ರ ಇಲ್ಲವಾದರೆ ದೋಷವೆಲ್ಲಿ? ಅನುರಣನದ ತಿರುಪನ್ನು ಅರ್ಧ ತಿರುಗಿಸಿ, ಧ್ವನಿವರ್ಧಕವನ್ನು ಹೊರಗಿನಿಂದಲೇ ಮೆಲ್ಲನೆ ಅಲುಗಿಸಿ ನೋಡೋಣ. ಸ್ಪೀಕರಿನಿಂದ ‘ಝಣ್’ ಎಂಬ ಸದ್ದು ಬಂದರೆ ಎರಡನೆಯ ಸುರುಳಿಯೂ ಅದರ ಮುಂದಿನ ವಾಲ್ವೂ ಸರಿಯಾಗಿವೆ. ದೋಷವು ಮೊದಲ ಅರ್ಧದಲ್ಲಿದೆ. ಬಾರದಿದ್ದರೆ ಎರಡನೆಯ ಅರ್ಧವನ್ನು ಶಂಕಿಸಬೇಕು. ಬಳಿಕ ಪ್ಲಗ್ಗನ್ನು ಕಿತ್ತು, ಡಬ್ಬಿಯ ಎರಡೂ ತಂತಿಗಳನ್ನು ಕಳಚಿ, ಓಮ್ ಮಾಪಕದಿಂದ ಸುರುಳಿಗಳನ್ನು ಪರೀಕ್ಷಿಸಬೇಕು. ರೋಧವು ಅನಂತವೆಂದು ತೋರಿದರೆ ಸುರುಳಿಯು ಕಡಿದಿದೆ.

ಆದರೆ ವಾಲ್ವುಗಳ ಅಡಿಯ ತಟ್ಟೆಯನ್ನು ನಾವು ತೆರೆಯಬಾರದು. ಅಲ್ಲಿ 400 ವೋಲ್ಟುಗಳಷ್ಟು ವಿದ್ಯುತ್ ಒತ್ತಡವಿರಬಹುದು. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟಿರಬಲ್ಲವು. ಆ ಕೆಲಸವು ಪಳಗಿದ ಕೈಗಳಿಗೇ ಮೀಸಲು.