ಮಂಗಳೂರಿಗೆ ಎರಡು ನಿಲ್ದಾಣ ಯಾಕೆ?

ಪ್ರಶ್ನೆ: ಕೇರಳದಿಂದ ಮುಂಬೈಗೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಊರ ನಡುವಿನ ಮಂಗಳೂರು ಸೆಂಟ್ರಲ್‌ಗೆ ಯಾಕೆ ಬರುವುದಿಲ್ಲ?

ಉತ್ತರ: ಹಳಿಗಳ ವಿನ್ಯಾಸವೇ ಕಾರಣ. 1907ರಲ್ಲಿ ಶೊರನೂರು ಕಡೆಯ ರೈಲುಮಾರ್ಗ ಮಂಗಳೂರಿಗೆ ಬಂದಾಗ ಅದರ ಕೊನೆಯೇ ಈ ಊರು. ಹಾಗಾಗಿ ಸೆಂಟ್ರಲ್ ಕೊನೆಯ ನಿಲ್ದಾಣವಾಗಿಯೇ ರೂಪುಗೊಂಡಿತು. ಅಲ್ಲಿಂದ ಹಳಿ ಉತ್ತರಕ್ಕೆ ಮುಂದುವರಿಯುವುದಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೆ ಕೇರಳ ಮತ್ತು ಮುಂಬೈ ನಡುವಿನ ಗಾಡಿಗಳಿಗೆ ನೇರ ದಾರಿ ಬೇಕಾಯಿತು. ಆ ದಾರಿ ಇರುವುದು ಪಡೀಲಿನ ಬಳಿಯ ಮಂಗಳೂರು ಜಂಕ್ಷನ್ ಮೂಲಕ. ಹಿಂದೆ ಅದನ್ನು ಕಂಕನಾಡಿ ನಿಲ್ದಾಣ ಎನ್ನುತ್ತಿದ್ದರು.

ಅಂಥ ಗಾಡಿಯನ್ನು ಸೆಂಟ್ರಲ್‌ಗೆ ತಂದರೆ ಎಂಜಿನ್ ಕಳಚಿ, ಇನ್ನೊಂದು ತುದಿಗೆ ಜೋಡಿಸಿ, ಬ್ರೇಕ್ ಪರೀಕ್ಷಿಸಿ, ಬಂದ ದಾರಿಯಲ್ಲೇ ವಾಪಸು ಕಳಿಸಬೇಕು. ಅಷ್ಟೂ ಹೊತ್ತು ಒಂದು ಪ್ಲಾಟ್‌ಫಾರ್ಮ್ ಅದಕ್ಕೇ ಮೀಸಲು. ಹಿಂದೆ ಬರುವ ಗಾಡಿ ಹೊರಗೆ ಕಾಯಬೇಕು. ಮಂಗಳೂರಿನಿಂದಲೇ ಮುಂಬೈಗೆ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಈ ತೊಡಕಿಲ್ಲ, ಅದು ಸೆಂಟ್ರಲ್‌ನಿಂದಲೇ ಹೊರಡುತ್ತದೆ.

ರೈಲ್ವೆಗೆ ಉಳಿದ ಸಮಯ ಪ್ರಯಾಣಿಕನ ಲೆಕ್ಕಕ್ಕೆ ಬೀಳುತ್ತದೆ ಎಂಬುದನ್ನೂ ಹೇಳಲೇಬೇಕು. ಸೆಂಟ್ರಲ್‌ನಲ್ಲಿ ಇಳಿದವರಿಗೆ ಊರ ನಡುವಿನ ಹಂಪನಕಟ್ಟೆ ಹತ್ತಿರ. ಜಂಕ್ಷನ್‌ನಲ್ಲಿ ನಡುರಾತ್ರಿ ಇಳಿದ ವೃದ್ಧರು ಊರೊಳಗೆ ಬರಲು ರಿಕ್ಷಾವನ್ನೇ ನೆಚ್ಚಬೇಕಾಗುತ್ತದೆ. ನಿಲ್ದಾಣದ ನಕ್ಷೆ ಪ್ಲಾಟ್‌ಫಾರ್ಮಿನ ಅಂಚಿಗೆ ಮುಗಿಯಬಾರದು. ಗಾಡಿಯ ವೇಳೆಗೆ ಹೊಂದುವ ಸಿಟಿ ಬಸ್ಸು, ಸೂರಿರುವ ತಂಗುದಾಣ ಎರಡೂ ಅದರೊಳಗೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.