ನ್ಯಾಯೋಚಿತ ವಿಧಾನ ಮತ್ತು ಮರಣದಂಡನೆ: ಪಾಲಾರ್ ಪ್ರಕರಣ

ಕಾನೂನು ಗೊತ್ತುಮಾಡಿದ ವಿಧಾನಕ್ಕೆ ಅನುಸಾರವಾಗಿಯಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅಪಹರಿಸಕೂಡದೆಂದು ನಮ್ಮ ಸಂವಿಧಾನದ 21ನೆಯ ಅನುಚ್ಛೇದ ವಿಧಿಸುತ್ತದೆ. ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರೊಸೆಸ್’, ಎಂದರೆ ನ್ಯಾಯೋಚಿತ ವಿಧಾನ, ಎಂಬ ಮಾತು ಮೊದಲು ಅಲ್ಲಿತ್ತು. ಸಂವಿಧಾನ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು 1947ರಲ್ಲಿ ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಬಂದ ತರುವಾಯ ಅದನ್ನು ಕೈಬಿಡಲಾಯಿತು. ವಿಧಾನವು ನ್ಯಾಯಯುತವೂ ಯುಕ್ತವೂ ಆಗಿರಬೇಕೆಂದು 1978ರ ಮನೇಕಾ ಗಾಂಧಿ ತೀರ್ಪು ಸಾರಿದ್ದರಿಂದ ಅದರ ಸಾರ ಮರಳಿ ಬಂದಿತೆನ್ನಬಹುದು. ಶಿಕ್ಷಿತನಿಗೆ ಇದರಿಂದ ದೊರೆತುದೇನೆಂಬುದನ್ನು ನಮ್ಮ ನಾಡಿನ ಒಂದು ಪ್ರಕರಣದಲ್ಲಿ ಪರಿಶೀಲಿಸೋಣ.

ಮೊದಲು ಸಾಮಾನ್ಯ ಕ್ರಮ. ಕೊಡಗಿನ ಹುದಿಕೇರಿಯಲ್ಲಿ ಕೊಲೆಯೊಂದು ನಡೆಯಿತೆಂದು ಭಾವಿಸೋಣ. ವಿಚಾರಣೆ ಕೊಡಗಿನ ಸೆಷನ್ಸ್ ನ್ಯಾಯಾಲಯದಲ್ಲಿ. ಅಪರಾಧ ಸಿದ್ಧವಾದರೆ ಶಿಕ್ಷೆಯ ಪ್ರಮಾಣವನ್ನು ಕುರಿತು ಅಪರಾಧಿಯ ಮಾತನ್ನು ಬೇರೆಯಾಗಿ ಕೇಳಬೇಕು. 1973ರ ಸಂಹಿತೆಯ ಈ ನಿಯಮ 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದಿದೆ. ಗಲ್ಲಿನ ಶಿಕ್ಷೆಯಂತೂ ಹೈಕೋರ್ಟು ಸ್ಥಿರಪಡಿಸದೆ ಜಾರಿಯಾಗದು.

ಪಾಲಾರ್ ಪ್ರಕರಣದಲ್ಲಿ ಈ ಮೆಟ್ಟಿಲುಗಳಿರಲಿಲ್ಲ. 1993ರ ಏಪ್ರಿಲ್ 9ರಂದು, ಮಲೆ ಮಹದೇಶ್ವರ ಬೆಟ್ಟದ ಸಮೀಪ, ವೀರಪ್ಪನ್ ತಂಡದವರು ಹುಗಿದಿಟ್ಟ ನೆಲಬಾಂಬುಗಳಿಗೆ 22 ಮಂದಿ ಬಲಿಯಾದರು. ಅವರ ಮನೆಗಳ ದುಃಖವನ್ನು ನಾವು ಕಡೆಗಣಿಸುತ್ತಿಲ್ಲ. ಆದರೆ ವಿಚಾರಣೆ ನಡೆದುದು ಟಾಡಾ ಕಾಯಿದೆಯ ಮೇರೆಗೆ, ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಸಾಮಾನ್ಯ ಕಾನೂನು ಬೆಲೆ ಕೊಡದು. ಟಾಡಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ್ದು ಸಾಕ್ಷ್ಯವಾಗುತ್ತಿತ್ತು. ಅಪೀಲು ಹೈಕೋರ್ಟನ್ನು ಬಿಟ್ಟು ನೇರವಾಗಿ ಸುಪ್ರೀಂ ಕೋರ್ಟಿಗೆ. 2001ರಲ್ಲಿ ಜೀವಾವಧಿ ಶಿಕ್ಷೆ ಹೊಂದಿದ ನಾಲ್ವರು ಅಪರಾಧನಿರ್ಣಯವನ್ನೇ ಪ್ರಶ್ನಿಸಿ ಅಲ್ಲಿಗೆ ಹೋದರು. ಶಿಕ್ಷೆಯನ್ನು ಏಕೆ ಹೆಚ್ಚಿಸಬಾರದೆಂದು ನ್ಯಾಯಾಲಯ ತಾನಾಗಿಯೇ ನೋಟೀಸು ಕೊಟ್ಟು, 2004ರ ಜನವರಿಯಲ್ಲಿ ಅವರಿಗೆ ಮರಣದಂಡನೆ ವಿಧಿಸಿತು. ಬಿಡುಗಡೆ ಬೇಡಿದವರಿಗೆ ಗಲ್ಲು ದೊರೆಯಿತು. ಅದನ್ನು ಪ್ರಶ್ನಿಸಲು ಮೇಲೆ ಬೇರೆ ನ್ಯಾಯಾಲಯವಿಲ್ಲ. ನೋಟೀಸಿನಿಂದ ವಿಧಾನದ ಅಕ್ಷರಕ್ಕೆ ಭಂಗ ಬರಲಿಲ್ಲ, ನಿಜ. ಆದರೆ ಮೊದಲನೆಯ ಮರಣದಂಡನೆಯೇ ಕೊನೆಯದೂ ಆಗುವುದು ಯುಕ್ತವೆಂದು ನಮಗೆ ತೋರುವುದಿಲ್ಲ.

ಕ್ಷಮಾಯಾಚನೆ ಸುಮಾರು 9 ವರ್ಷ ಇತ್ಯರ್ಥವಾಗದೆ ಉಳಿದು, 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿದ್ದ ಅವರು ಮತ್ತೆ 21ನೆಯ ಅನುಚ್ಛೇದದ ಮೊರೆಹೊಕ್ಕರು. ಅದೇ ಏಪ್ರಿಲಿನಲ್ಲಿ ಭುಲ್ಲರ್ ತೀರ್ಪು, ಭಯೋತ್ಪಾದನೆಯ ಅಪರಾಧಿಗೆ ವಿಳಂಬದ ವಾದ ಸಲ್ಲದೆಂದಿತ್ತು. 2014ರ ಜನವರಿ 21ರಂದು, ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಸದಾಶಿವಂ ಅವರ ಪೀಠ ಆ ಭೇದವನ್ನು ತಳ್ಳಿಹಾಕಿ, ಈ ನಾಲ್ವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಅಪರಾಧನಿರ್ಣಯವನ್ನು ಅದು ಮುಟ್ಟಲಿಲ್ಲ. ಕ್ಷಮಾಯಾಚನೆ ತಿರಸ್ಕೃತವಾದುದು ಕೈದಿಗೆ ತಿಳಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನಗಳ ಅಂತರವಿರಬೇಕೆಂದೂ, ಮನೆಯವರು ಅವನನ್ನು ಕೊನೆಯ ಬಾರಿ ಕಾಣಲು ಅವಕಾಶವಿರಬೇಕೆಂದೂ ಅಂದೇ ನಿಯಮವಾಯಿತು.