ನೆಲದೊಳಗೆ ಇಣುಕಲು ಅಪ್ಪಣೆ

ಬೀದರ ನಗರದ ಅಂಚಿನ ನೌಬಾದಿನಲ್ಲಿ ನಡೆದುಹೋಗುವವರಿಗೆ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಒಂದರ ಮುಂದೊಂದು ಬಾಯ್ದೆರೆದ ಬಾವಿಗಳು ಕಾಣಸಿಗುತ್ತವೆ. ಇವು ಒಂಟಿ ಬಾವಿಗಳಲ್ಲ. ನೆಲದ ಕೆಳಗೆ ಒಂದು ಸುರಂಗವು ಇವನ್ನೆಲ್ಲ ಹಾರದ ಮಣಿಗಳಂತೆ ಪೋಣಿಸಿದೆ. ಜನರು ಇದನ್ನು ಸುರಂಗಬಾವಿ ಎನ್ನುತ್ತಾರೆ. ಪರ್ಷಿಯಾದ ಕಡೆಯಿಂದ ಬಂದ ಹೆಸರು ಕರೇಜ್. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದಾಗ ಈ ಎತ್ತರದ ನೆಲಕ್ಕೆ ನೀರು ಒದಗಿಸುವ ಪ್ರಶ್ನೆ ಎದ್ದಿತು. ಅದಕ್ಕೆ ದೊರೆತ ಉತ್ತರಗಳಲ್ಲಿ ಕರೇಜ್ ಒಂದು. ಮೇಲಣ ನೆಲದಲ್ಲಿ ಇಂಗಿದ ನೀರು ಸಣ್ಣ ಇಳಿಜಾರಿನ ಸುರಂಗದಲ್ಲಿ ತಾನಾಗಿ ಹರಿದುಬರುತ್ತದೆ. ಏತವೂ ಬೇಡ, ಎತ್ತೂ ಬೇಡ. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಇಂತಹ ಮೂರು ಜಲಮಾರ್ಗಗಳನ್ನು ಬೀದರದಲ್ಲಿ ಗುರುತಿಸಿದ್ದಾರೆ.

ಕಾಲ ಕಳೆದಂತೆ ಕೆಲವು ಬಾವಿಗಳ ಬಾಯಿ ಹೂಳಿನಿಂದಲೂ ಕಸದಿಂದಲೂ ಮುಚ್ಚಿಹೋಯಿತು. ಊರು ಬೆಳೆದು ಮನೆಗಳು ಎದ್ದವು. ಮೇಲೆ ನಿಂತವನಿಗೆ ತನ್ನ ಕಾಲಡಿಯಲ್ಲಿ ಸುರಂಗವಿದೆಯೆಂಬುದು ಹೇಗೆ ತಿಳಿಯಬೇಕು? ತಿಳಿಯದೆ ಕೊಳವೆಬಾವಿ ಕೊರೆದರೆ ಆರುನೂರು ವರ್ಷಗಳ ಜಲಮಾರ್ಗಕ್ಕೆ ಒಂದೇ ದಿನದಲ್ಲಿ ತೂತು ಬೀಳುತ್ತದೆ. ಹುಡುಕುವುದಕ್ಕೆಂದು ಅಗೆದರೂ ಅದೇ ಅಪಾಯ. ಅಗೆಯದೆ ನೋಡುವ ಉಪಾಯವೊಂದು ಬೇಕು.

ಆ ಉಪಾಯದ ಹೆಸರು ಭೂಭೇದಕ ರಾಡಾರ್. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಜಿಪಿಆರ್ ಎಂದೂ ಕರೆಯುತ್ತಾರೆ. ಸಣ್ಣ ಕೈಗಾಡಿಯಂತೆ ನೆಲದ ಮೇಲೆ ತಳ್ಳಿಕೊಂಡು ಹೋಗಬಹುದಾದ ಉಪಕರಣ ಇದು. ಇದರ ಆಂಟೆನಾ ನೆಲದೊಳಕ್ಕೆ ರೇಡಿಯೋ ಅಲೆಗಳನ್ನು ಕಳುಹಿಸುತ್ತದೆ. ಮಣ್ಣು ಮುಗಿದು ಕಲ್ಲು ಬಂದಲ್ಲಿ, ಕಲ್ಲು ಮುಗಿದು ಪೊಳ್ಳು ಬಂದಲ್ಲಿ, ಒಣನೆಲ ಮುಗಿದು ನೀರು ಬಂದಲ್ಲಿ ಅಲೆಯ ಒಂದು ಪಾಲು ಪ್ರತಿಧ್ವನಿಯಂತೆ ಹಿಂದಿರುಗುತ್ತದೆ. ಬಾವಿಗೆ ಕಲ್ಲು ಹಾಕಿ ‘ಬುಳುಕ್’ ಎಂಬ ಸದ್ದಿಗಾಗಿ ಕಾದು ಆಳವನ್ನು ಅಳೆಯುವ ಆಟವನ್ನು ನೀವು ಆಡಿರಬಹುದು. ಇಲ್ಲಿಯೂ ಕಾಯುವ ಕಾಲವೇ ಅಳತೆಗೋಲು. ಆದರೆ ಆ ಕಾಲವು ಸೆಕೆಂಡಿನ ಶತಕೋಟಿಯ ಒಂದು ಭಾಗವಾದ ನ್ಯಾನೋಸೆಕೆಂಡುಗಳಲ್ಲಿರುತ್ತದೆ. ಗಾಳಿಯಲ್ಲಿ ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಸಾಗಿದರೆ, ನೆಲದಲ್ಲಿ ಅದರ ಓಟ ಕುಂಠಿತವಾಗುತ್ತದೆ. 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 5 ಮೀಟರ್ ಆಳದ ಸುರಂಗವನ್ನು ಮುಟ್ಟಿ ಮರಳಲು ಅದಕ್ಕೆ 100 ನ್ಯಾನೋಸೆಕೆಂಡು ಬೇಕು. ಗಾಡಿ ದೂರದಲ್ಲಿದ್ದಾಗ ಅಲೆಯ ದಾರಿ ಓರೆಯಾಗಿ ಉದ್ದವಾಗಿರುತ್ತದೆ. ನೆತ್ತಿಯ ಮೇಲೆ ಬಂದಾಗ ಅತಿ ಕಡಿಮೆ. ಆದುದರಿಂದ ತೆರೆಯ ಮೇಲೆ ಸುರಂಗವು ಕಮಾನಿನಂತೆ ಮೂಡುತ್ತದೆ. ಸುರಂಗದ ಚಾವಣಿ ಕಮಾನಾಗಿದೆಯೆಂದು ಇದರಿಂದ ತಿಳಿಯಬಾರದು!

ಅಲೆಯ ಆವೃತ್ತಿ ಹೆಚ್ಚಾದಷ್ಟು ಚಿತ್ರ ಸ್ಪಷ್ಟ, ಆಳ ಕಡಿಮೆ. ಆವೃತ್ತಿ ಕಡಿಮೆಯಾದರೆ ಆಳ ಹೆಚ್ಚು, ಚಿತ್ರ ಮಸುಕು. 400 ಮೆಗಾಹರ್ಟ್ಸಿನ ಆಂಟೆನಾ ಕೊಳವೆಗಳನ್ನು ಹುಡುಕಲು ತಕ್ಕುದು. ಆಳದ ಸುರಂಗಕ್ಕೆ 100 ಮೆಗಾಹರ್ಟ್ಸ್ ಅಥವಾ ಅದಕ್ಕೂ ಕೆಳಗಿನದು ಬೇಕಾದೀತು.

ಇಂತಹ ಯಂತ್ರವನ್ನು ತಯಾರಿಸುವವರೊಬ್ಬರು ಅದನ್ನು ನೌಬಾದಿಗೆ ತಂದು, ಅಧಿಕಾರಿಗಳ ಮುಂದೆ ನಾಲ್ಕು ದಿನ ನಡೆಸಿ ತೋರಿಸಬೇಕೆಂದು ಬಯಸುತ್ತಾರೆ ಎಂದುಕೊಳ್ಳೋಣ. ಯಂತ್ರ ಅವರದು, ಪ್ರದರ್ಶನ ಉಚಿತ, ನೋಡುವುದು ನೆಲವನ್ನು. ಇದಕ್ಕೆ ಯಾರ ಅಪ್ಪಣೆ ಏಕೆ ಬೇಕು?

ಬೇಕು. ಏಕೆಂದರೆ ಈ ಯಂತ್ರ ನೋಡುವ ಕಣ್ಣು ಮಾತ್ರವಲ್ಲ, ನುಡಿಯುವ ಬಾಯಿ ಕೂಡ. ರೇಡಿಯೋ ಅಲೆಗಳನ್ನು ಹೊಮ್ಮಿಸುವುದೆಲ್ಲ ನಿಸ್ತಂತು ಉಪಕರಣವೇ. ಬಾನುಲಿ ಕೇಂದ್ರಕ್ಕೆ ತನ್ನದೇ ಆದ ಕಿರಿದಾದ ಓಣಿಯಿದೆ. ಭೂಭೇದಕ ರಾಡಾರಿನ ಚುಟುಕು ಮಿಡಿತವಾದರೋ ಏಕಕಾಲಕ್ಕೆ ನೂರಾರು ಮೆಗಾಹರ್ಟ್ಸಿನ ಹರವಿನಲ್ಲಿ ಚೆಲ್ಲುತ್ತದೆ. ಆ ಹರವಿನಲ್ಲಿ ಯಾರು ಯಾರು ಇದ್ದಾರೆ ನೋಡಿ. ಸುಮಾರು 108ರಿಂದ 137 ಮೆಗಾಹರ್ಟ್ಸ್‌ವರೆಗೆ ವಿಮಾನಗಳ ದಾರಿದೀಪ ಮತ್ತು ಮಾತುಕತೆ; 328ರಿಂದ 336ರ ನಡುವೆ, ಇಳಿಯುವ ವಿಮಾನಕ್ಕೆ ಇಳಿಜಾರನ್ನು ತೋರುವ ಸಂಕೇತ; 1575ರ ಬಳಿ ಉಪಗ್ರಹಗಳಿಂದ ಬರುವ ಬಲು ಕ್ಷೀಣವಾದ ಸ್ಥಾನಸೂಚಕ ಸಂಕೇತ. ಬೀದರದಲ್ಲಿ ವಾಯುಪಡೆಯ ನೆಲೆಯಿದೆಯೆಂಬುದನ್ನು ನೆನೆಯಿರಿ. ಅಲ್ಲಿ ಎಳೆಯ ಚಾಲಕರು ಹಾರಲು ಕಲಿಯುತ್ತಾರೆ. ರಾಡಾರಿನ ಸರಾಸರಿ ಶಕ್ತಿ ಕೈದೀಪದ ಬಲ್ಬಿನಷ್ಟೂ ಇರಲಾರದು, ಬಹುಪಾಲು ನೆಲದಲ್ಲಿಯೇ ಅಡಗುತ್ತದೆ, ನಿಜ. ಆದರೂ ಆಂಟೆನಾವನ್ನು ನೆಲದಿಂದ ಎತ್ತಿ ಹಿಡಿದರೆ ಅಲೆ ಆಕಾಶದ ಪಾಲು. ಅಪಾಯವಿಲ್ಲವೆಂಬುದನ್ನು ತೋರಿಸಿಕೊಡುವ ಹೊಣೆ ಅಲೆ ಬಿಡುವವನದು, ವಿಮಾನದಲ್ಲಿ ಕುಳಿತವನದಲ್ಲ.

ನಮ್ಮ ದೇಶದಲ್ಲಿ 1933ರ ನಿಸ್ತಂತು ಕಾನೂನು, ಪರವಾನಗಿಯಿಲ್ಲದೆ ಇಂತಹ ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. 2023ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಅಧಿನಿಯಮವನ್ನು ಅಂಗೀಕರಿಸಿತು. ಯಾವ ಅಲೆ ಯಾರಿಗೆ ಎಂದು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ. 1952ರಿಂದ ಇರುವ ಸಂಸ್ಥೆ. ಪ್ರಯೋಗಕ್ಕೂ ಪ್ರದರ್ಶನಕ್ಕೂ ಅದು ಅಲ್ಪಾವಧಿಯ ಪರವಾನಗಿ ನೀಡುವ ಏರ್ಪಾಟು ಇದೆ. ಅರ್ಜಿಯಲ್ಲಿ ಯಂತ್ರ ಯಾವುದು, ಆವೃತ್ತಿ ಎಷ್ಟು, ಶಕ್ತಿ ಎಷ್ಟು, ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ, ಯಾತಕ್ಕಾಗಿ ಎಂಬುದೆಲ್ಲ ಬಿಡಿಯಾಗಿ ಇರಬೇಕು. ಸುರಂಗದ ದಾರಿ ಸಂರಕ್ಷಿತ ಸ್ಮಾರಕದ ಆವರಣವನ್ನು ಹೊಕ್ಕರೆ ಪುರಾತತ್ತ್ವ ಇಲಾಖೆಯ ಬಾಗಿಲನ್ನೂ ತಟ್ಟಬೇಕು. ಇಷ್ಟು ಕಾಗದಗಳು ಕೂಡಿಬರುವಷ್ಟರಲ್ಲಿ ತಾಳ್ಮೆ ಕೆಡುವುದುಂಟು. ಆ ತಾಳ್ಮೆಗೇಡನ್ನು ನಾನು ಪೂರ್ತಿಯಾಗಿ ತಪ್ಪೆನ್ನಲಾರೆ.

ಅಮೆರಿಕದಲ್ಲಿಯೂ ಇದೇ ಜಿಜ್ಞಾಸೆ ನಡೆಯಿತು. 2002ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಭೂಭೇದಕ ರಾಡಾರಿಗೆ ನಿಯಮಗಳನ್ನು ರೂಪಿಸಿ, ಅಲೆ ನೆಲದತ್ತಲೇ ಸಾಗಬೇಕು, ಬಳಸುವವರು ಇಂತಿಂತಹವರೇ ಆಗಿರಬೇಕು ಎಂದಿತು. ಕೈಯಿಂದ ನಡೆಸುವ ಯಂತ್ರದ ಗುಂಡಿಯ ಮೇಲಿನ ಬೆರಳನ್ನು ತೆಗೆದ 10 ಸೆಕೆಂಡುಗಳೊಳಗೆ ಅಲೆ ನಿಲ್ಲಬೇಕೆಂಬುದು ಅದರಲ್ಲಿ ಒಂದು. ನಿಯಮಕ್ಕೆ ಹೊಂದದ ಯಂತ್ರವನ್ನು ಕೆಲವು ದಿನ ನಡೆಸಬೇಕಾದವರು ವಿಶೇಷ ತಾತ್ಕಾಲಿಕ ಅನುಮತಿಗಾಗಿ ಬರೆದುಕೊಳ್ಳಬಹುದು.

ಪ್ರದರ್ಶನ ಏಕೆ ಬೇಕೆಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ. ಭಾಲ್ಕಿ ತಾಲ್ಲೂಕಿನ ಮೆಹಕರದ ಹುಡುಗನೊಬ್ಬ ನನ್ನನ್ನು ಕೇಳಿದ್ದ: “ಗುರುಗಳೆ, ನಮ್ಮ ಹೊಲದಲ್ಲಿ ಹೂತಿಟ್ಟ ಹೊನ್ನು ಇದರಲ್ಲಿ ಕಾಣುತ್ತದೆಯೆ?” ಹೊನ್ನೆಂದು ಯಂತ್ರ ಹೇಳಲಾರದು, ಇಲ್ಲಿ ಏನೋ ಬೇರೆಯಾಗಿದೆ ಎಂದಷ್ಟೇ ಹೇಳೀತು. ಅದೂ ಎರೆಹೊಲದಲ್ಲಿ ಕಷ್ಟ. ತೇವ ಹಿಡಿದ ಕಪ್ಪು ಜೇಡಿ ಈ ಅಲೆಗಳನ್ನು ಕೆಲವೇ ಅಡಿಗಳಲ್ಲಿ ನುಂಗಿಬಿಡುತ್ತದೆ. ಬೀದರದ ಒಣ ಜಂಬಿಟ್ಟಿಗೆ ಅಷ್ಟು ನಿರ್ದಯಿಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಹುಡುಕಲು ಈ ರಾಡಾರನ್ನೂ ತಂದಿದ್ದರು. ಮಳೆಯಲ್ಲಿ ನೆನೆದ ಮಣ್ಣು ಅದಕ್ಕೆ ಸುಲಭದ ದಾರಿಯಲ್ಲ. ಕಾಣೆಯಾಗಿದ್ದ ಲಾರಿ ಕೊನೆಗೆ ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಮೇಲೆ ಬಂದಿತು. ತಯಾರಕರ ಹೊತ್ತಗೆಯಲ್ಲಿ ಅಚ್ಚಾದ ಆಳಕ್ಕೂ ಊರ ನೆಲ ಬಿಟ್ಟುಕೊಡುವ ಆಳಕ್ಕೂ ಇರುವ ಅಂತರ ಹಣ ತೆತ್ತ ಮೇಲೆ ತಿಳಿದರೆ ಏನು ಪ್ರಯೋಜನ?

ಆದುದರಿಂದ ನೌಬಾದಿನ ಪ್ರದರ್ಶನವು ಗೊತ್ತಿರುವಲ್ಲಿಂದ ಮೊದಲಾಗಬೇಕು. ತೆರೆದ ಎರಡು ಬಾವಿಗಳ ನಡುವೆ, ಸುರಂಗ ಇದ್ದೇ ಇರುವ ಕಡೆ, ಗಾಡಿಯನ್ನು ಅಡ್ಡಲಾಗಿ ತಳ್ಳಬೇಕು. ತೆರೆಯಲ್ಲಿ ಕಮಾನು ಮೂಡಿತೆ? ಅದು ತೋರಿಸಿದ ಆಳವು ಬಾವಿಗೆ ಹಗ್ಗ ಇಳಿಬಿಟ್ಟು ಅಳೆದ ಆಳಕ್ಕೆ ಸರಿಹೊಂದಿತೆ? ಹೊಂದಿದರೆ ಬಾಯಿ ಮುಚ್ಚಿಹೋದ ಬಾವಿಗಳತ್ತ, ಮನೆಗಳ ಸಂದಿಯತ್ತ ಸಾಗಬಹುದು. ನಾಲ್ಕನೆಯ ದಿನ ಸಂಜೆಗೆ ಪರವಾನಗಿಯ ಅವಧಿ ತೀರುತ್ತದೆ. ಅರ್ಧ ಓಣಿ ಉಳಿದಿದ್ದರೂ ಗುಂಡಿಯಿಂದ ಬೆರಳು ತೆಗೆದು ಯಂತ್ರವನ್ನು ಪೆಟ್ಟಿಗೆಗೆ ಸೇರಿಸಬೇಕು. ಉಳಿದರ್ಧಕ್ಕೆ ಬೇರೆಯೇ ಅರ್ಜಿ.